ಜೋಹರಾಳ ಮಾತ್ರೆ, ವಾಲ್ಟರ್ ಪೊರ್ಬುಗಳ ಬಾಟಲಿ

ಐವತ್ತು ದಾಟಿದ ಮೇಲೆ ನಾನು ಅತಿ ಹೆಚ್ಚು ಹೊಟ್ಟೆಕಿಚ್ಚುಪಟ್ಟದ್ದು ಒಂದು ಬಿಳಿ ಪ್ಲಾಸ್ಟಿಕ್ ಬಾಟಲಿಯನ್ನು ನೋಡಿ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಮ್ಮ ಹತ್ತಿರ ಮುಚ್ಚಿಟ್ಟು ಏನಾಗಬೇಕಿದೆ? ಕಾರು, ಬಂಗಲೆ, ಚಿನ್ನದ ಕೈಗಡಿಯಾರ ಇವನ್ನೆಲ್ಲ ಕಂಡು ಕರುಬುವ ವಯಸ್ಸು ಆಗಲೇ ಕಳೆದಿತ್ತು. ಕುವೈತಿನಲ್ಲಿ ಇಪ್ಪತ್ತು ವರ್ಷ ದುಡಿದವನಿಗೆ ತನ್ನ ವೀಸಾದ ಧಣಿಯ, ಅಂದರೆ ಕಫೀಲನ, ಹೊಸ ಹೊಸ ಗಾಡಿಗಳನ್ನು ನೋಡಿ ನೋಡಿ ಆ ಜಾತಿಯ ಅಸೂಯೆ ಸವೆದು ಹೋಗಿರುತ್ತದೆ. ನಿಜ ಹೇಳಬೇಕೆಂದರೆ ತೀರಾ ದೊಡ್ಡವರ ಮೇಲೆ ನಮಗೆ ಹೊಟ್ಟೆಕಿಚ್ಚು ಬರುವುದೇ ಇಲ್ಲ. ಅದು ಬರುವುದು ನಮ್ಮ ಜೊತೆ ಒಂದೇ ಲಿಫ್ಟಿನಲ್ಲಿ ಇಳಿಯುವವರ ಮೇಲೆ. ಆ ಬಾಟಲಿ ನಮ್ಮ ಕೆಳಗಿನ ಮನೆಯ ವಾಲ್ಟರ್ ಪೊರ್ಬುಗಳದ್ದು.

ಮಂಗಳೂರು ಕಡೆಯ ಕ್ರಿಶ್ಚಿಯನ್ನರನ್ನು ಸಲಿಗೆಯಿಂದ ಪೊರ್ಬುಗಳು ಎಂದು ಕರೆಯುವುದು ನಮ್ಮಲ್ಲಿ ರೂಢಿ. ನಾನು ಬ್ಯಾರಿ, ಅಂದರೆ ಅದೇ ಕರಾವಳಿಯ ಮುಸಲ್ಮಾನ. ಹೆಸರು ಹಮೀದ್, ಕಟ್ಟಡದವರ ಬಾಯಲ್ಲಿ ಹಮೀದಾಕ. ಹಿರಿಯರ ಹೆಸರಿಗೆ ಹೀಗೊಂದು ಬಾಲ ಅಂಟಿಸಿ ಗೌರವಿಸುವುದು ಬ್ಯಾರಿಗಳ ಪದ್ಧತಿಯಾದರೂ, ಕುವೈತಿನ ಫಹಾಹೀಲಿನ ನಮ್ಮ ಆ ನಾಲ್ಕು ಮಹಡಿಯ ಕಟ್ಟಡದಲ್ಲಿ ಕೊಂಕಣಿಯವರು, ತುಳುವರು, ಕಡೆಗೆ ವಾಲ್ಟರ್ ಕೂಡ ನನ್ನನ್ನು ಹಾಗೆಯೇ ಕರೆಯುತ್ತಿದ್ದರು. ಈ ಗೌರವ ನನ್ನ ಉದ್ಯೋಗದಿಂದ ಬಂದದ್ದಲ್ಲ. ನಾನು ಗಾಡಿಗಳ ಬಿಡಿಭಾಗ ಮಾರುವ ಅಂಗಡಿಯಲ್ಲಿ ಗುಮಾಸ್ತ. ವಾಲ್ಟರ್ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಇಂಜಿನಿಯರು, ಅವರ ಹೆಂಡತಿ ಲಿಡಿಯಾ ಜಾಬ್ರಿಯಾದ ಒಂದು ಆಸ್ಪತ್ರೆಯಲ್ಲಿ ನರ್ಸು. ಸಂಬಳದಲ್ಲಿ ಅವರು ಎಲ್ಲಿ, ನಾನು ಎಲ್ಲಿ. ಆದರೂ ಆ ಕಟ್ಟಡದಲ್ಲಿ ಯಾರಿಗೆ ಹೆಚ್ಚು ಬೆಲೆ ಎಂದರೆ, ಅನುಮಾನವೇ ಬೇಡ, ನನಗೆ. ಏಕೆಂದರೆ ಎಲ್ಲರ ಔಷಧಿ ನನ್ನ ಕೈಯಲ್ಲಿತ್ತು.

ಅದು ಹೇಗೆಂದು ಹೇಳುತ್ತೇನೆ. ಕುವೈತಿನ ಖಾಸಗಿ ಔಷಧಿ ಅಂಗಡಿಯಲ್ಲಿ ಒಂದು ತಿಂಗಳ ಮಾತ್ರೆಗೆ ಕೊಡುವ ದುಡ್ಡಿನಲ್ಲಿ ಮಂಗಳೂರಿನಲ್ಲಿ ಅರ್ಧ ವರ್ಷದ ಮಾತ್ರೆ ಬರುತ್ತದೆ ಎನ್ನುವುದು ನಮ್ಮೆಲ್ಲರ ಲೆಕ್ಕ. ಸರಕಾರಿ ಕ್ಲಿನಿಕ್ಕಿನಲ್ಲಿ ಚೀಟಿಗೆ ಒಂದು ದೀನಾರು ಕೊಟ್ಟರೆ ಮಾತ್ರೆ ಪುಕ್ಕಟೆ ಸಿಗುತ್ತದೆ, ನಿಜ. ಆದರೆ ಅಲ್ಲಿ ಸಿಗುವುದು ನಮ್ಮ ಮಂಗಳೂರು ಡಾಕ್ಟರು ಬರೆದುಕೊಟ್ಟ ಮಾತ್ರೆ ಅಲ್ಲವಲ್ಲ. ಹೆಸರು ಬೇರೆ, ಡಬ್ಬ ಬೇರೆ, ಒಮ್ಮೊಮ್ಮೆ ಬಣ್ಣವೂ ಬೇರೆ. ಒಳಗಿರುವ ಮದ್ದು ಒಂದೇ ಎಂದು ಲಿಡಿಯಾ ಎಷ್ಟು ಸಲ ಹೇಳಿದರೂ ನಮ್ಮವರು ತಲೆಯಾಡಿಸಿ ಕೇಳುತ್ತಿದ್ದರೇ ಹೊರತು ನಂಬುತ್ತಿರಲಿಲ್ಲ. ಊರಿನ ಶರೀರಕ್ಕೆ ಊರಿನ ಮಾತ್ರೆಯೇ ಹಿಡಿಯುವುದು ಎಂಬ ನಂಬಿಕೆ ನಮ್ಮದು. ಹಾಗಾಗಿ ಯಾರು ರಜೆಗೆ ಊರಿಗೆ ಹೋದರೂ ವಾಪಸು ಬರುವಾಗ ಕಟ್ಟಡದವರ ಔಷಧಿ ಹೊತ್ತು ತರಬೇಕು. ಇದಕ್ಕೆ ಚೀಟಿ ಗೀಟಿ ಏನೂ ಇಲ್ಲ. ಮುಗಿದ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನು ಕೊಟ್ಟರಾಯಿತು. ಮಂಗಳೂರಿನ ಹಂಪನಕಟ್ಟೆಯ ಮೆಡಿಕಲ್ಲಿನವನು ಅದನ್ನು ನೋಡಿ ಅಂಥದ್ದೇ ಹೊಸದನ್ನು ಕೊಡುತ್ತಾನೆ.

ಈ ಖಾಲಿ ಸ್ಟ್ರಿಪ್ಪುಗಳು ಬಂದು ಸೇರುತ್ತಿದ್ದುದು ನನ್ನ ಮನೆಯ ಒಂದು ಬಿಸ್ಕತ್ತಿನ ಡಬ್ಬಿಗೆ. ಯಾರು ಯಾವಾಗ ರಜೆ ಹೋಗುತ್ತಾರೆ, ಯಾರ ಲಗೇಜಿನಲ್ಲಿ ಎಷ್ಟು ಕಿಲೋ ಜಾಗ ಉಂಟು, ಯಾರ ಸಕ್ಕರೆ ಮಾತ್ರೆ ಯಾವ ತಾರೀಕಿಗೆ ಮುಗಿಯುತ್ತದೆ, ಇವೆಲ್ಲ ನನಗೆ ಬಾಯಿಪಾಠ. ನಿದ್ದೆಯದು, ನೋವಿನದು, ಕೆಮ್ಮಿನ ಕೆಂಪು ನೀರು, ಈ ಮೂರನ್ನು ಮಾತ್ರ ಡಾಕ್ಟರ ಕಾಗದವಿಲ್ಲದೆ ನಾನು ಮುಟ್ಟುತ್ತಿರಲಿಲ್ಲ. ಅವುಗಳಲ್ಲಿ ಕೆಲವು ಇಲ್ಲಿ ನಿಷಿದ್ಧ. ಯಾರದೋ ಕೆಮ್ಮಿಗೆ ಮದ್ದು ತರಲು ಹೋಗಿ ಏರ್‌ಪೋರ್ಟಿನಲ್ಲಿ ಅರ್ಧ ದಿನ ಕೂತು ಬಂದವರನ್ನು ನಾನು ಬಲ್ಲೆ. ಸಂಜೆ ಹೊತ್ತು ನಮ್ಮ ಮನೆಯ ಬಾಗಿಲು ಬಡಿಯುತ್ತಲೇ ಇರುತ್ತಿತ್ತು. ಬಂದವರು ಒಂದು ಗ್ಲಾಸು ಹಾಲಿಲ್ಲದ ಸುಲೈಮಾನಿ ಚಹಾ ಕುಡಿದು, ತಮ್ಮ ಕಾಯಿಲೆಯನ್ನು ವಿವರಿಸಿ, ಖಾಲಿ ಸ್ಟ್ರಿಪ್ಪನ್ನು ಎರಡೂ ಕೈಯಲ್ಲಿ ಕೊಟ್ಟು ಹೋಗುತ್ತಿದ್ದರು. ಎಂ.ಬಿ.ಬಿ.ಎಸ್. ಮಾಡದೆಯೇ ಇಷ್ಟು ಮರ್ಯಾದೆ ಯಾರಿಗೆ ಸಿಗುತ್ತದೆ ಹೇಳಿ.

ಔಷಧಿ ಸಮುದ್ರ ದಾಟುವುದು ನಾವು ಕಂಡುಹಿಡಿದ ವಿದ್ಯೆಯೇನೂ ಅಲ್ಲ. ಎಣ್ಣೆ ಸಿಗುವ ಮೊದಲು ಕುವೈತಿನ ಮರದ ಹಡಗುಗಳು ಖರ್ಜೂರ ತುಂಬಿಕೊಂಡು ನಮ್ಮ ಕರಾವಳಿಗೆ ಬರುತ್ತಿದ್ದವು. ಹಿಂತಿರುಗುವಾಗ ಮರ, ಹೆಂಚು, ಹುರಿಹಗ್ಗದ ಜೊತೆಗೆ ಒಣಶುಂಠಿ, ಕರಿಮೆಣಸು, ಏಲಕ್ಕಿ ಒಯ್ಯುತ್ತಿದ್ದವು. ಕುವೈತ್ ಸಿಟಿಯ ಹಳೆಯ ಪೇಟೆಯಲ್ಲಿ, ಅಂದರೆ ಸೂಕಿನಲ್ಲಿ, ಇವತ್ತಿಗೂ ಗಿಡಮೂಲಿಕೆ ಮಾರುವ ಅಂಗಡಿಗಳಿವೆ. ಅಲ್ಲಿಯ ಮುದುಕರು ಹೊಟ್ಟೆನೋವು ಎಂದವರಿಗೆ ನಮ್ಮದೇ ಶುಂಠಿಯನ್ನು ಪೊಟ್ಟಣ ಕಟ್ಟಿ ಕೊಡುತ್ತಾರೆ. ನನಗೆ ಒಮ್ಮೊಮ್ಮೆ ಅನ್ನಿಸುವುದುಂಟು, ಆ ಹಡಗುಗಳಲ್ಲೂ ಯಾವನೋ ಒಬ್ಬ ಹಮೀದಾಕ ಇದ್ದಿರಬೇಕು, ಇಡೀ ಓಣಿಯವರು ಹೇಳಿ ಕಳಿಸಿದ ಮದ್ದನ್ನು ಒಂದು ಗಂಟಿನಲ್ಲಿ ಕಟ್ಟಿಕೊಂಡು ಜಂಬದಿಂದ ದಡಕ್ಕೆ ಇಳಿದಿರಬೇಕು. ಅವನ ಕೆಳಗಿನ ಮನೆಯಲ್ಲಿ ವಾಲ್ಟರ್ ಇರಲಿಲ್ಲ, ಪುಣ್ಯವಂತ.

ಫೋನಿನ ತಂತಿಯಲ್ಲಿ ಕೀಂಯ್‌ಗುಟ್ಟುತ್ತ ಇಂಟರ್ನೆಟ್ಟು ಮನೆಗಳಿಗೆ ಬಂದು ಕೆಲವು ವರ್ಷವಾಗಿತ್ತು. ಒಂದು ಶುಕ್ರವಾರ ವಾಲ್ಟರ್ ನಮ್ಮ ಮನೆಗೆ ಬಂದು, ಕಿಸೆಯಿಂದ ಆ ಬಿಳಿ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಅದರ ಸುತ್ತ ಅಚ್ಚುಕಟ್ಟಾದ ಲೇಬಲ್ಲು, ಮೇಲೆ ಒತ್ತಿ ತಿರುಗಿಸಿದರೆ ಮಾತ್ರ ತೆರೆಯುವ ಮುಚ್ಚಳ.

"ಕೊಲೆಸ್ಟ್ರಾಲಿಂದು ಹಮೀದಾಕ. ಕಂಪ್ಯೂಟರಲ್ಲಿ ಆರ್ಡರ್ ಮಾಡಿದ್ದು. ಇಲ್ಲಿಯ ರೇಟಿನ ಮೂರರಲ್ಲಿ ಒಂದು ಪಾಲು ಸಹ ಇಲ್ಲ. ಕೂತಲ್ಲಿಗೇ ಬರ್ತದೆ," ಎಂದರು.

ಜೋಹರಾ, ಅಂದರೆ ನನ್ನ ಹೆಂಡತಿ, ಅಡುಗೆ ಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಬಾಟಲಿಯನ್ನು ಎತ್ತಿ ನೋಡಿದಳು. ಒತ್ತಿ ತಿರುಗಿಸಿದಳು. ಮುಚ್ಚಿದಳು. ಮತ್ತೆ ಒತ್ತಿ ತಿರುಗಿಸಿದಳು. "ಎಷ್ಟು ಚಂದ ಉಂಟು," ಎಂದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಾನು ತಂದುಕೊಟ್ಟ ಯಾವ ಸ್ಟ್ರಿಪ್ಪನ್ನೂ ಅವಳು ಚಂದ ಎಂದದ್ದು ನನಗೆ ನೆನಪಿಲ್ಲ. ಆ ಕ್ಷಣದಲ್ಲಿ ನನ್ನ ಹೊಟ್ಟೆಯಲ್ಲಿ ಏನೋ ಚುರ್ ಎಂದಿತು. ನಾನು ನಗುತ್ತಲೇ, "ಒಳಗೆ ಮಾತ್ರೆಯೇ ಉಂಟಾ, ಪೆಪ್ಪರ್‌ಮಿಂಟಾ?" ಎಂದು ಕೇಳಿದೆ. ಯಾರೂ ನಗಲಿಲ್ಲ.

ಒಂದೆರಡು ತಿಂಗಳಲ್ಲಿ ನನ್ನ ಬಿಸ್ಕತ್ತಿನ ಡಬ್ಬಿ ಹಗುರಾಗತೊಡಗಿತು. ಮೂರನೇ ಮಹಡಿಯ ಸಕ್ಕರೆಯವರು ಮೊದಲು ಹೋದರು, ಅವರ ಹಿಂದೆ ಗ್ಯಾಸ್ಟ್ರಿಕ್ಕಿನವರು. ಎಲ್ಲರೂ ತಮ್ಮ ಖಾಲಿ ಸ್ಟ್ರಿಪ್ಪನ್ನು ವಾಲ್ಟರಿಗೆ ಕೊಟ್ಟು ಬಿಳಿ ಬಾಟಲಿ ತೆಗೆದುಕೊಂಡು ಮೆಟ್ಟಿಲು ಹತ್ತುತ್ತಿದ್ದರು. ದಾರಿಯಲ್ಲಿ ನಾನು ಎದುರಾದರೆ ಬಾಟಲಿಯನ್ನು ಕೈಚೀಲದೊಳಗೆ ಜಾರಿಸುತ್ತಿದ್ದರು. ಹಾಗೆ ಅಡಗಿಸುವುದನ್ನು ನೋಡುವಾಗ ಇನ್ನಷ್ಟು ಉರಿಯುತ್ತಿತ್ತು. ವಾಲ್ಟರನ್ನು ಎದುರಿಗೆ ಬಹುವಚನದಲ್ಲೇ ಮಾತಾಡಿಸುತ್ತಿದ್ದೆ, ಮನಸ್ಸಿನಲ್ಲಿ ಮಾತ್ರ ಏಕವಚನಕ್ಕೆ ಇಳಿಸಿಬಿಟ್ಟಿದ್ದೆ. ಲಿಫ್ಟಿನಲ್ಲಿ ಸಿಕ್ಕಿ ನಮಸ್ಕಾರ ಎಂದರೆ ಆ ನಮಸ್ಕಾರದಲ್ಲೂ ಏನೋ ಗರ್ವ ಕಾಣುತ್ತಿತ್ತು. ಅವರು ಸೀನಿದರೆ, ಕಂಪ್ಯೂಟರಿನಲ್ಲಿ ತರಿಸಿದ ಮಾತ್ರೆ ನುಂಗುವವನಿಗೆ ಶೀತ ಏಕೆ ಆಗಬೇಕು ಎಂದುಕೊಂಡು ಸುಖಪಡುತ್ತಿದ್ದೆ. ದಯವಿಟ್ಟು ನನ್ನನ್ನು ತೀರಾ ಕೆಟ್ಟವನೆಂದು ತಿಳಿಯಬೇಡಿ. ಹೊಟ್ಟೆಕಿಚ್ಚಿನವನಿಗೆ ಸಿಗುವ ಸುಖಗಳು ಹೀಗೆ ಬಡವಾಗಿಯೇ ಇರುತ್ತವೆ.

ಇಷ್ಟನ್ನು ನಾನು ತಡೆದುಕೊಳ್ಳುತ್ತಿದ್ದೆನೋ ಏನೋ. ಆದರೆ ಒಂದು ದಿನ ಜೋಹರಾಳ ದಿಂಬಿನ ಪಕ್ಕದಲ್ಲಿ ಆ ಬಿಳಿ ಬಾಟಲಿ ಕಂಡಿತು. ಜೋಹರಾಳಿಗೆ ಬಹಳ ವರ್ಷದಿಂದ ರಕ್ತದೊತ್ತಡ. ದಿನಕ್ಕೊಂದು ಬಿಳಿ ಗುಂಡು ಮಾತ್ರೆ ತಪ್ಪುವಂತಿಲ್ಲ. ಅವಳ ತಾಯಿ ಇದೇ ಕಾಯಿಲೆಯನ್ನು ಅಲಕ್ಷ್ಯ ಮಾಡಿ ಒಂದು ಕೈ, ಒಂದು ಕಾಲು ಸ್ವಾಧೀನ ತಪ್ಪಿ ಮಲಗಿದವರು. ಅದನ್ನು ನೋಡಿದ್ದರಿಂದ ಅವಳ ಮಾತ್ರೆಯ ವಿಷಯದಲ್ಲಿ ನಾನು ಒಂದು ದಿನವೂ ಏಮಾರಿದವನಲ್ಲ. ಹಬ್ಬ ಬರಲಿ, ವಿಮಾನದವರ ಮುಷ್ಕರ ಬರಲಿ, ಅವಳ ಮಾತ್ರೆ ಮುಗಿಯುವ ಮೊದಲೇ ಹೊಸದು ಬಂದು ಕೂತಿರುತ್ತಿತ್ತು. ನಾನು ಅವಳಿಗೆ ಬಂಗಾರ ಹೆಚ್ಚೇನೂ ಹಾಕಿಲ್ಲ. ಪ್ರೀತಿಯ ಮಾತಾಡುವ ಅಭ್ಯಾಸವೂ ನನಗಿಲ್ಲ. ನನ್ನ ಪಾಲಿಗೆ ಆ ಸ್ಟ್ರಿಪ್ಪೇ ಎಲ್ಲವೂ ಆಗಿತ್ತು.

"ಇದು ಯಾವಾಗ ಬಂತು?" ಎಂದು ಕೇಳಿದೆ.

"ಹೋದ ವಾರ. ನಿಮಗೆ ಯಾಕೆ ಸುಮ್ಮನೆ ತೊಂದರೆ ಅಂತ ವಾಲ್ಟರ್ ಭಾಯಿಯ ಹತ್ತಿರವೇ ಹೇಳಿದೆ," ಎಂದಳು, ಹೂಕೋಸು ಬಿಡಿಸುತ್ತ.

ತೊಂದರೆ ಎಂಬ ಆ ಒಂದು ಮಾತು ನನ್ನನ್ನು ಕೊಂದುಹಾಕಿತು. ಮಾರನೇ ದಿನವೇ ಬ್ಯಾಂಕಿಗೆ ಹೋಗಿ, ಇಷ್ಟು ವರ್ಷ ಬೇಡವೆಂದು ಬಿಟ್ಟಿದ್ದ ಕ್ರೆಡಿಟ್ ಕಾರ್ಡಿಗೆ ಅರ್ಜಿ ಕೊಟ್ಟೆ. ಕಾರ್ಡು ಬಂದ ಸಂಜೆ ಅಂಗಡಿ ಮುಗಿಸಿ ಇಂಟರ್ನೆಟ್ ಕೆಫೆಯ ಮೂಲೆಯ ಕುರ್ಚಿಯಲ್ಲಿ, ಯಾರಿಗೂ ಪರದೆ ಕಾಣದ ಹಾಗೆ ಕೂತೆ. ನನ್ನ ಹುಡುಕಾಟ ಒಂದೇ. ವಾಲ್ಟರಿಗಿಂತ ಅಗ್ಗ. ಒಳ್ಳೆಯದೋ ಕೆಟ್ಟದ್ದೋ ಎಂಬ ಯೋಚನೆ, ದೇವರಾಣೆಗೂ, ತಲೆಗೆ ಬರಲಿಲ್ಲ. ಕತ್ತಿನಲ್ಲಿ ಸ್ಟೆತಾಸ್ಕೋಪು ಹಾಕಿಕೊಂಡು ಹಲ್ಲು ಬಿಡುತ್ತಿದ್ದ ಬಿಳಿಯ ಡಾಕ್ಟರೊಬ್ಬನ ಚಿತ್ರವಿದ್ದ ಅಂಗಡಿಯೊಂದು ಸಿಕ್ಕಿತು. ಮೂಲೆಯಲ್ಲಿ ಒಂದು ದೇಶದ ಬಾವುಟ, ವಿಳಾಸದಲ್ಲಿ ಇನ್ನೊಂದು ದೇಶ. ಡಾಕ್ಟರ ಚೀಟಿ ಬೇಡವೇ ಬೇಡ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಬದಲಿಗೆ ಒಂದಿಷ್ಟು ಪ್ರಶ್ನೆಗಳಿದ್ದವು. ನಿಮಗೆ ಏನಾದರೂ ಕಾಯಿಲೆ ಇದೆಯೇ ಎಂಬ ಪ್ರಶ್ನೆಗೆ ಇಲ್ಲ ಎಂದು ಗುರುತು ಹಾಕಿದೆ, ಇದೆ ಎಂದರೆ ಆರ್ಡರು ಮುಂದಕ್ಕೆ ಹೋಗುತ್ತಿರಲಿಲ್ಲ. ಕಾಯಿಲೆ ಇಲ್ಲದವರಿಗೇ ಔಷಧಿ ಮಾರುವ ಅಂಗಡಿ ಎಂದಾಗಲಾದರೂ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಕೆಳಗೆ ಬೆಲೆ ಕಂಡಿತ್ತು. ವಾಲ್ಟರು ಹೇಳಿದ ಬೆಲೆಯ ಅರ್ಧ.

ಮೂರು ವಾರದ ನಂತರ ನಮ್ಮ ಅಂಗಡಿಯ ಪೋಸ್ಟ್ ಬಾಕ್ಸಿಗೆ ಒಂದು ಕಂದು ಲಕೋಟೆ ಬಂತು. ಮೇಲೆ ಒಳಗಿನ ಸಾಮಾನಿನ ವಿವರವಾಗಿ ಪ್ಲಾಸ್ಟಿಕ್ ಗುಂಡಿ ಎಂದು ಬರೆದಿತ್ತು. ಕಸ್ಟಮ್ಸಿನವರೂ ಅದನ್ನು ಅಂಗಿಯ ಗುಂಡಿ ಎಂದೇ ನಂಬಿ ಬಿಟ್ಟುಕೊಟ್ಟಿದ್ದರು. ಒಳಗೆ ಬೆಳ್ಳಿಯ ಬಣ್ಣದ ಪಟ್ಟಿಗಳಲ್ಲಿ ಬಿಳಿ ಮಾತ್ರೆಗಳು, ಪಟ್ಟಿಯ ಮೇಲೆ ಯಾವ ಹೆಸರೂ ಇಲ್ಲ. ಜೊತೆಗೆ, ಹೊಸ ಗಿರಾಕಿಗೆ ಕಾಣಿಕೆ ಎಂಬಂತೆ, ಗಂಡಸರಿಗೆ ಉಪಯೋಗಕ್ಕೆ ಬರುವ ನಾಲ್ಕು ನೀಲಿ ಮಾತ್ರೆಗಳು. ಮದ್ದಿನ ಅಂಗಡಿಯವನು ನನ್ನ ವಯಸ್ಸನ್ನು ಇಷ್ಟು ಸರಿಯಾಗಿ ಹೇಗೆ ಊಹಿಸಿದನೋ ತಿಳಿಯದು. ಅವನ್ನು ಅಂಗಡಿಯ ಕಕ್ಕಸಿಗೆ ಹಾಕಿ ಎರಡು ಸಲ ನೀರು ಬಿಟ್ಟೆ. ಬಿಳಿ ಮಾತ್ರೆಗಳನ್ನು ಮಾತ್ರ ಕಿಸೆಗೆ ಹಾಕಿಕೊಂಡೆ.

ಇನ್ನು ಮುಂದಿನದು ನನ್ನ ಬದುಕಿನ ಅತಿ ಬುದ್ಧಿವಂತಿಕೆಯ ಕೆಲಸ ಎಂದು ಆಗ ಅನ್ನಿಸಿತ್ತು. ನನ್ನ ಮಾತ್ರೆಯನ್ನು ಅದರ ಆ ದರಿದ್ರ ಪಟ್ಟಿಯಲ್ಲೇ ಕೊಟ್ಟರೆ ಜೋಹರಾ ವಾಲ್ಟರ ಬಾಟಲಿಯ ಪಕ್ಕದಲ್ಲಿಟ್ಟು ಹೋಲಿಸುತ್ತಾಳೆ. ಬಾಟಲಿಯ ಎದುರು ನಾನು ಸೋಲುತ್ತೇನೆ. ಹಾಗಾಗಿ ಅವಳು ಸ್ನಾನಕ್ಕೆ ಹೋದಾಗ ವಾಲ್ಟರ ಬಾಟಲಿಯಿಂದ ಅವರ ಮಾತ್ರೆಗಳನ್ನು ಸುರಿದು ತೆಗೆದು, ನನ್ನವನ್ನು ತುಂಬಿದೆ. ಒಂದೆರಡು ತಿಂಗಳು ಕಳೆಯಲಿ, ಅವಳು ವಾಲ್ಟರ್ ಭಾಯಿಯ ಮಾತ್ರೆ ಎಷ್ಟು ಒಳ್ಳೆಯದು ಎಂದು ಹೊಗಳಲಿ, ಆಗ ಹೇಳಬೇಕು, ನೀನು ನುಂಗಿದ್ದು ನನ್ನದು, ಅದೂ ಅರ್ಧ ಬೆಲೆಗೆ. ಆ ಹೊತ್ತಿನ ಅವಳ ಮುಖವನ್ನು ಕಲ್ಪಿಸಿಕೊಂಡು ನಾನು ಅಂಗಡಿಯಲ್ಲಿ ಬ್ರೇಕ್ ಪ್ಯಾಡು ಕೇಳಿದವರಿಗೆ ಫ್ಯಾನ್ ಬೆಲ್ಟು ಕೊಟ್ಟದ್ದೂ ಉಂಟು.

ಮೊದಲ ವಾರ ಏನೂ ಆಗಲಿಲ್ಲ. ಎರಡನೇ ವಾರ ಜೋಹರಾ ತಲೆ ಭಾರ ಎಂದಳು. ಸೆಕೆ ಎಂದೆ. ಮೂರನೇ ವಾರ ಕಿವಿಯಲ್ಲಿ ಗುಂಯ್‌ಗುಡುತ್ತದೆ ಎಂದಳು. ಎ.ಸಿ.ಯ ಸದ್ದು ಎಂದೆ. ಅವಳ ತಲೆಭಾರಕ್ಕೂ ನನ್ನ ಮಾತ್ರೆಗೂ ನಂಟು ಇರಬಹುದೆಂದು ನನಗೆ ಹೊಳೆಯಲಿಲ್ಲವೇ? ಹೊಳೆದಿತ್ತು. ಆದರೆ ಆ ಯೋಚನೆಯನ್ನು ಮುಂದುವರಿಸಿದರೆ ವಾಲ್ಟರೇ ಗೆದ್ದ ಹಾಗೆ ಆಗುತ್ತಿತ್ತು.

ಒಂದು ಗುರುವಾರ ಮಧ್ಯಾಹ್ನ ಪತ್ತಿರ್ ರೊಟ್ಟಿ ತಟ್ಟುತ್ತಿದ್ದವಳು ಒಲೆಯ ಕಟ್ಟೆ ಹಿಡಿದುಕೊಂಡು ಹಾಗೆಯೇ ನೆಲಕ್ಕೆ ಕೂತಳು. ಕಣ್ಣು ಕತ್ತಲೆ ಬರ್ತಾ ಉಂಟು ಎಂದಳು. ನಾನು ಕೆಳಗೆ ಓಡಿದೆ. ಲಿಡಿಯಾ ಮನೆಯಲ್ಲೇ ಇದ್ದರು. ಪ್ರೆಷರ್ ನೋಡುವ ಪಟ್ಟಿ ಹಿಡಿದುಕೊಂಡು ಬಂದು, ಒಮ್ಮೆ ಸುತ್ತಿ ನೋಡಿದರು, ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿ ನೋಡಿದರು. ಸಂಖ್ಯೆ ಹೇಳಲಿಲ್ಲ. "ಗಾಡಿ ತೆಗೀರಿ," ಎಂದು ಗಂಡನಿಗೆ ಹೇಳಿದರು. ವಾಲ್ಟರ್ ಚಪ್ಪಲಿಯಲ್ಲೇ ಬಂದು ಗಾಡಿ ತೆಗೆದರು.

ಸರಕಾರಿ ಕ್ಲಿನಿಕ್ಕಿನಲ್ಲಿ ಈಜಿಪ್ಟಿನ ಡಾಕ್ಟರಮ್ಮ ಒಬ್ಬರಿದ್ದರು, ದಪ್ಪ ಕನ್ನಡಕ, ದೊಡ್ಡ ದನಿ. ಜೋಹರಾಳನ್ನು ಮಲಗಿಸಿ, ನಾಲಿಗೆಯಡಿ ಏನೋ ಇಟ್ಟು, ಸ್ವಲ್ಪ ಹೊತ್ತು ಕಾದು ಮತ್ತೆ ಪ್ರೆಷರ್ ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ, ಈಕೆ ಯಾವ ಮಾತ್ರೆ ತೆಗೆದುಕೊಳ್ಳುತ್ತಾಳೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಜೋಹರಾ ತನ್ನ ಕೈಚೀಲದಿಂದ ಬಿಳಿ ಬಾಟಲಿ ತೆಗೆದು ಕೊಟ್ಟಳು. ಡಾಕ್ಟರಮ್ಮ ಮಾತ್ರೆಗಳನ್ನು ಅಂಗೈಗೆ ಸುರಿದುಕೊಂಡು ಕನ್ನಡಕ ಮೇಲಕ್ಕೆ ಸರಿಸಿದರು. ನನ್ನ ಅವಸರದಲ್ಲಿ ವಾಲ್ಟರ ಐದಾರು ಮಾತ್ರೆಗಳು ತಳದಲ್ಲೇ ಉಳಿದುಬಿಟ್ಟಿದ್ದವು. ಅವುಗಳ ನಡುವೆ ಒಂದು ಗೀರು ಇತ್ತು, ನನ್ನವು ಬೋಳು.

"ಇಲ್ಲಿ ಎರಡು ಜಾತಿ ಇದೆ," ಎಂದರು. ಬೋಳು ಮಾತ್ರೆಯೊಂದನ್ನು ಎರಡು ಬೆರಳಿನ ನಡುವೆ ಒತ್ತಿದರು. ಅದು ಸೀಮೆಸುಣ್ಣದಂತೆ ಪುಡಿಯಾಯಿತು. "ಇದರಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲ. ಮಾಡಿದವನಿಗೂ ಗೊತ್ತಿರಲಿಕ್ಕಿಲ್ಲ. ಈಕೆ ಯಾವುದನ್ನು, ಎಷ್ಟು ದಿನದಿಂದ ತೆಗೆದುಕೊಂಡಿದ್ದಾಳೆ? ಅದು ಗೊತ್ತಾದರೆ ನಾನು ಮುಂದಿನದನ್ನು ನಿರ್ಧರಿಸಬಹುದು."

ಎಲ್ಲರೂ ವಾಲ್ಟರ ಮುಖ ನೋಡಿದರು. ಆ ಮುಖದಲ್ಲಿ ರಕ್ತವೇ ಇರಲಿಲ್ಲ. ಲಿಡಿಯಾ ಕೊಂಕಣಿಯಲ್ಲಿ ಏನೋ ಹೇಳಿದರು, ಮೆಲ್ಲಗೆ ಹೇಳಿದ್ದಾದರೂ ಅದು ಪ್ರೀತಿಯ ಮಾತಲ್ಲವೆಂದು ಯಾರಿಗಾದರೂ ತಿಳಿಯುತ್ತಿತ್ತು. ಮಲಗಿದ್ದ ಜೋಹರಾ, "ಅವರನ್ನು ಬಯ್ಯಬೇಡಿ ಲಿಡಿಯಾ, ಒಳ್ಳೇದಾಗಲಿ ಅಂತ ತರಿಸಿದ್ದಲ್ಲವಾ," ಎಂದಳು.

ಈಗ ನನ್ನ ಸ್ಥಿತಿ ಯೋಚಿಸಿ. ಎಷ್ಟೋ ತಿಂಗಳಿಂದ ನಾನು ಕನಸು ಕಂಡ ಗಳಿಗೆ ಅದು. ವಾಲ್ಟರ್ ತಲೆ ತಗ್ಗಿಸಿ ನಿಂತಿದ್ದಾರೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಇಡೀ ಕಟ್ಟಡ ವಾರದೊಳಗೆ ನನ್ನ ಬಾಗಿಲಿಗೆ ವಾಪಸು ಬರುತ್ತದೆ. ಒಂದು ಉಸಿರಿನಷ್ಟು ಹೊತ್ತು, ಸುಳ್ಳು ಹೇಳುವುದಿಲ್ಲ, ನನಗೆ ಸಂತೋಷವಾಯಿತು. ಆದರೆ ಆ ಸಂತೋಷದ ಪಕ್ಕದಲ್ಲೇ ಜೋಹರಾಳ ಕೈ ಇತ್ತು, ಹಾಸಿಗೆಯ ಅಂಚಿನಲ್ಲಿ, ಪ್ರೆಷರಿನ ಪಟ್ಟಿ ಇನ್ನೂ ಸುತ್ತಿಕೊಂಡೇ. ಅವಳ ತಾಯಿಯ ಕೈ ಹೀಗೆಯೇ ಹಾಸಿಗೆಯ ಅಂಚಿನಲ್ಲಿ ಏಳು ವರ್ಷ ಬಿದ್ದುಕೊಂಡಿದ್ದನ್ನು ನಾನು ನೋಡಿದ್ದೆ.

"ಬೋಳು ಮಾತ್ರೆ ನನ್ನದು," ಎಂದೆ. "ನಾನೇ ತುಂಬಿಸಿದ್ದು. ಇವತ್ತಿಗೆ ಇಪ್ಪತ್ತೆರಡು ದಿನ."

ಡಾಕ್ಟರಮ್ಮನಿಗೆ ನಮ್ಮ ಮಾನ ಮರ್ಯಾದೆಯ ಲೆಕ್ಕ ಬೇಕಿರಲಿಲ್ಲ. "ಅಂದರೆ ಇಪ್ಪತ್ತೆರಡು ದಿನ ಔಷಧಿಯೇ ಇಲ್ಲ ಎಂದು ಇಟ್ಟುಕೊಳ್ಳೋಣ. ರಕ್ತ ಪರೀಕ್ಷೆಯನ್ನೂ ಮಾಡಿಸುತ್ತೇನೆ," ಎಂದು ಬರೆದುಕೊಂಡು, ಗಂಡಸರಾದ ನಮ್ಮಿಬ್ಬರನ್ನು ಹೊರಗೆ ಹೋಗುವಂತೆ ಕೈಬೀಸಿದರು.

ಹೊರಗಿನ ಉದ್ದದ ಬೆಂಚಿನಲ್ಲಿ ನಾವಿಬ್ಬರೂ ಕೂತೆವು. ನಾನು ಎಲ್ಲವನ್ನೂ ಹೇಳಿದೆ, ಬ್ಯಾಂಕಿನ ಕಾರ್ಡಿನಿಂದ ಹಿಡಿದು ನೀಲಿ ಮಾತ್ರೆಯ ತನಕ. ವಾಲ್ಟರ್ ಕೈ ಎತ್ತಿ ಹೊಡೆದರೂ ಸರಿಯೇ ಎಂದುಕೊಂಡಿದ್ದೆ. ಅವರು ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು.

"ಹಮೀದಾಕ, ಗೀರು ಇರುವ ಮಾತ್ರೆ ಸಹ ಕಂಪ್ಯೂಟರಿಂದ ಬಂದದ್ದಲ್ಲ," ಎಂದರು. "ಫಹಾಹೀಲಿನ ಫಾರ್ಮಸಿಯಿಂದ ತಂದದ್ದು. ಪೂರ್ತಿ ರೇಟು ಕೊಟ್ಟು."

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಮೊದಲ ಎರಡು ಪಾರ್ಸೆಲು ಸರಿಯಾಗಿಯೇ ಬಂದವಂತೆ. ಅಷ್ಟರಲ್ಲಿ ಅರ್ಧ ಕಟ್ಟಡಕ್ಕೆ ಮಾತು ಕೊಟ್ಟಾಗಿತ್ತು. ಮೂರನೆಯದನ್ನು ಕಸ್ಟಮ್ಸಿನವರು ಹಿಡಿದು, ಡಾಕ್ಟರ ಚೀಟಿ ಎಲ್ಲಿ, ಮಿನಿಸ್ಟ್ರಿಯ ಪರವಾನಗಿ ಎಲ್ಲಿ, ಒಬ್ಬನಿಗೆ ಇಷ್ಟು ಜಾತಿಯ ಕಾಯಿಲೆ ಹೇಗೆ ಎಂದು ಕೇಳಿದರಂತೆ. ಮೂರು ಸಲ ಅಲೆದಾಡಿಸಿ ಕಡೆಗೆ ಎಲ್ಲವನ್ನೂ ನಾಶ ಮಾಡಿದರಂತೆ. ಆಮೇಲೆ ವಾಲ್ಟರ್ ಪ್ರತಿ ತಿಂಗಳೂ ಇಲ್ಲಿಯ ಅಂಗಡಿಯಿಂದಲೇ ಕೊಂಡು, ಹಳೆಯ ಬಿಳಿ ಬಾಟಲಿಗಳಿಗೆ ತುಂಬಿ, ಕಂಪ್ಯೂಟರಿನ ರೇಟಿಗೆ ಕೊಡುತ್ತಿದ್ದರು. ಮಿಕ್ಕದ್ದು ಅವರ ಸಂಬಳದಿಂದ. ಲಿಡಿಯಾಗೆ ಗೊತ್ತಿರಲಿಲ್ಲ.

"ಯಾಕೆ ಪೊರ್ಬುಗಳೇ? ಸಿಗುವುದಿಲ್ಲ ಅಂತ ಹೇಳಿದರೆ ಆಗ್ತಿತ್ತಲ್ಲ," ಎಂದೆ.

"ಹೇಗೆ ಹೇಳುವುದು? ಹನ್ನೊಂದು ವರ್ಷ ಆಯ್ತು ಆ ಕಟ್ಟಡದಲ್ಲಿ. ಸಂಜೆ ಬಂದು ಕೂತರೆ ಮೇಲೆ ನಿಮ್ಮ ಬಾಗಿಲು ಬಡಿಯುವ ಸದ್ದು ಕೇಳ್ತದೆ. ಜನ ಬರ್ತಾರೆ, ಮಾತಾಡ್ತಾರೆ, ನಗ್ತಾರೆ. ನನ್ನ ಬಾಗಿಲು ಬಡಿಯುವುದು ಗ್ಯಾಸ್ ಸಿಲಿಂಡರಿನವನು ಮಾತ್ರ. ನನಗೆ ನಿಮ್ಮ ಮೇಲೆ ಎಷ್ಟು ಹೊಟ್ಟೆಕಿಚ್ಚಿತ್ತು ಗೊತ್ತುಂಟಾ ನಿಮಗೆ?"

ಇಷ್ಟು ದಿನ ನಾನು ಹೊಟ್ಟೆಕಿಚ್ಚು ನನ್ನೊಬ್ಬನ ಸೊತ್ತು ಎಂದುಕೊಂಡಿದ್ದೆ. ನನ್ನ ಮೇಲೂ ಒಬ್ಬರು, ಅದೂ ಇಂಜಿನಿಯರು, ಕಾರಿರುವವರು, ಇಷ್ಟು ಖರ್ಚು ಮಾಡಿ ಕರುಬುತ್ತಿದ್ದರು ಎಂದು ತಿಳಿದಾಗ, ಕ್ಲಿನಿಕ್ಕಿನ ಬೆಂಚಿನಲ್ಲಿ ಕೂತು ಹೇಳಬಾರದು, ಮನಸ್ಸು ಹಗುರವಾಯಿತು. ವಾಲ್ಟರು ನನ್ನ ಮನಸ್ಸಿನಲ್ಲೂ ಬಹುವಚನಕ್ಕೆ ಮರಳಿದರು.

ಒಳಗಿನಿಂದ ಲಿಡಿಯಾರ ತೋಳು ಹಿಡಿದುಕೊಂಡು ಬಂದ ಜೋಹರಾ ನಮ್ಮ ಎದುರಿನ ಬೆಂಚಿನಲ್ಲಿ ಕೂತಳು. ಬಾಗಿಲು ಅರೆ ತೆರೆದಿತ್ತು, ಅವಳಿಗೆ ಎಲ್ಲವೂ ಕೇಳಿಸಿತ್ತು. ಅವಳು ಸಿಟ್ಟು ಬಂದಾಗ ದನಿ ಏರಿಸುವವಳಲ್ಲ, ಇಳಿಸುವವಳು.

"ಒಬ್ಬರು ಅಗ್ಗ ಅಂತ ಜಗಳ, ಒಬ್ಬರು ಚಂದ ಅಂತ ಜಗಳ," ಎಂದಳು. "ಎರಡು ವಾರದಿಂದ ತಲೆ ಭಾರ ಅಂತ ಹೇಳ್ತಾ ಇದ್ದೇನೆ. ಸೆಕೆ ಅಂದ್ರಿ, ಎ.ಸಿ. ಅಂದ್ರಿ. ನನಗೆ ಮಾತ್ರೆ ತಂದುಕೊಡ್ಲಿಕ್ಕೆ ಇಷ್ಟು ಜನ ಇದ್ದೀರಿ. ಅದನ್ನು ನುಂಗಿ ಹೇಗುಂಟು ಅಂತ ಕೇಳ್ಲಿಕ್ಕೆ ಒಬ್ಬರೂ ಇಲ್ಲ."

ಇಷ್ಟು ವರ್ಷ ನಾನು ಸ್ಟ್ರಿಪ್ಪಿನಲ್ಲಿ ಉಳಿದ ಮಾತ್ರೆ ಎಣಿಸಿದ್ದೆ, ಅವಳನ್ನು ಕೇಳಿರಲಿಲ್ಲ. ದೇವರು ದೊಡ್ಡವನು, ರಕ್ತ ಪರೀಕ್ಷೆಯಲ್ಲಿ ಕೆಟ್ಟದ್ದೇನೂ ಬರಲಿಲ್ಲ. ಪ್ರೆಷರ್ ಇಳಿಯಲು ಹತ್ತು ದಿನ ಹಿಡಿಯಿತು. ಆ ಹತ್ತು ದಿನ ನಾನು ನಿದ್ದೆ ಮಾಡಿದ್ದು ಕಡಿಮೆ. ಆ ಹಲ್ಲು ಬಿಡುವ ಡಾಕ್ಟರನ ಅಂಗಡಿಯಿಂದ ಬಹಳ ದಿನ ಫೋನು ಬರುತ್ತಿತ್ತು, ಮಾತ್ರೆ ಮುಗಿಯಿತೇ, ಇನ್ನೂ ಕಳಿಸಲೇ ಎಂದು. ಕಾರ್ಡನ್ನು ಬ್ಯಾಂಕಿಗೆ ವಾಪಸು ಕೊಟ್ಟ ಮೇಲೆ ಅದೂ ನಿಂತಿತು.

ವಿದೇಶದಿಂದ ಹೀಗೆ ಔಷಧಿ ತರಿಸುವುದು ಸರಿಯೋ ತಪ್ಪೋ ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಹೇಳುವುದು ಇಷ್ಟೇ. ಉಳಿತಾಯ ಇಲ್ಲವೆಂದಲ್ಲ. ಚೀಟಿ ಕೇಳುವ, ಹೆಸರು ವಿಳಾಸ ಸರಿಯಾಗಿರುವ ಅಂಗಡಿಯೂ ಇರಬಹುದು, ವಾಲ್ಟರ ಮೊದಲ ಎರಡು ಪಾರ್ಸೆಲು ಚೆನ್ನಾಗಿಯೇ ಇದ್ದವು. ಆದರೆ ಬೆಲೆ ನೋಡುವ ಮೊದಲು ಕೊಳ್ಳುವವನ ಹೊಟ್ಟೆಯನ್ನು ಪರೀಕ್ಷೆ ಮಾಡಿಸಬೇಕು. ನನ್ನಂಥವನು ಪಕ್ಕದವರಿಗಿಂತ ಅಗ್ಗ ಎಂದರೆ ಸೀಮೆಸುಣ್ಣವನ್ನೂ ಕೊಂಡು ಹೆಂಡತಿಗೆ ತಿನ್ನಿಸುತ್ತಾನೆ. ಆ ಕಾಯಿಲೆಗೆ ಯಾವ ದೇಶದಲ್ಲಿ ಮಾತ್ರೆ ಸಿಗುತ್ತದೆಂದು ಇನ್ನೂ ಗೊತ್ತಾಗಿಲ್ಲ.

ಜೋಹರಾ ಈಗ ಸರಕಾರಿ ಕ್ಲಿನಿಕ್ಕಿನ ಮಾತ್ರೆಯನ್ನೇ ತೆಗೆದುಕೊಳ್ಳುತ್ತಾಳೆ. ಅದರ ಹೆಸರು ಊರಿನದಲ್ಲ, ಬಣ್ಣ ತಿಳಿ ಹಳದಿ, ಶರೀರಕ್ಕೆ ಚೆನ್ನಾಗಿಯೇ ಹಿಡಿದಿದೆ. ನಾನು ಬೆಳಿಗ್ಗೆ ಎದ್ದ ಕೂಡಲೇ ಹೇಗುಂಟು ಎಂದು ಕೇಳುತ್ತೇನೆ. "ದಿನಾ ಹೀಗೆ ಕೇಳಿದ್ರೆ ಅದಕ್ಕೇ ಪ್ರೆಷರ್ ಏರ್ತದೆ," ಎನ್ನುತ್ತಾಳೆ. ತಿಂಗಳಿಗೊಮ್ಮೆ ಗುರುವಾರ ಇಬ್ಬರೂ ಬಸ್ಸಿನಲ್ಲಿ ಕ್ಲಿನಿಕ್ಕಿಗೆ ಹೋಗುತ್ತೇವೆ. ಡಾಕ್ಟರಮ್ಮ ಅವಳನ್ನು ಕಂಡ ಕೂಡಲೇ ಹಬೀಬ್ತಿ, ನನ್ನ ಪ್ರೀತಿಯವಳೇ, ಎಂದು ಕೆನ್ನೆ ತಟ್ಟುತ್ತಾರೆ. ಜೋಹರಾ ವಾರದಲ್ಲಿ ಐದು ದಿನ ಆ ಡಾಕ್ಟರಮ್ಮನ ಗುಣಗಾನ ಮಾಡುತ್ತಾಳೆ, ನಾನು ಕೇಳಿಸಿಕೊಳ್ಳುತ್ತೇನೆ, ಸ್ವಲ್ಪ ಚುರ್ ಎನ್ನುತ್ತದೆ. ಪ್ರೆಷರ್ ನೋಡುವಾಗ ಅವಳ ಬುರ್ಖಾದ ತೋಳನ್ನು ಮೇಲಕ್ಕೆ ಸರಿಸಿ ಹಿಡಿದುಕೊಳ್ಳುವುದು ನನ್ನ ಕೆಲಸ. ಯಂತ್ರದ ಮುಳ್ಳು ಇಳಿದು ನಿಲ್ಲುವುದನ್ನು ನಾನು ಉಸಿರು ಹಿಡಿದು ನೋಡುತ್ತೇನೆ.

ಸಂಜೆ ವಾಲ್ಟರ್ ನಮ್ಮ ಮನೆಗೆ ಬರುತ್ತಾರೆ. ಈಗ ಅವರಿಗೆ ಬರಲು ಕಾರಣ ಬೇಕಾಗಿಲ್ಲ. ಸುಲೈಮಾನಿಯ ಗ್ಲಾಸು ಕೈಗೆ ತೆಗೆದುಕೊಂಡು, ನಿಜವಾದ ಕಾಳಜಿಯಿಂದಲೇ, "ಈ ಸಲ ಪ್ರೆಷರ್ ಎಷ್ಟು ಬಂತು ಹಮೀದಾಕ?" ಎಂದು ಕೇಳುತ್ತಾರೆ.

"ಒಳ್ಳೇದುಂಟು," ಎನ್ನುತ್ತೇನೆ.

ಮೇಲಿನದು ಎಷ್ಟು, ಕೆಳಗಿನದು ಎಷ್ಟು ಎಂದು ಮಾತ್ರ ನಾನು ಅವರಿಗೆ ಹೇಳುವುದಿಲ್ಲ, ಅಷ್ಟು ನನ್ನೊಬ್ಬನ ಸೊತ್ತು.